ಲೈಟ್ನರ್ ಡಬ್ಬಿ: ಹಟಮಾರಿ ಜೋಡಿ ಕೊನೆಗೂ ಬಗ್ಗಿತು

ಲೈಟ್ನರ್ ಡಬ್ಬಿ ಅಂದರೆ ಪ್ರಶ್ನೆ-ಉತ್ತರದ ಕಾರ್ಡ್ ಇಡುವ, ಖಾನೆಗಳಿರುವ ಡಬ್ಬಿ: ಉತ್ತರ ಸರಿಯಾದರೆ ಕಾರ್ಡ್ ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ. ಅಣ್ಣನ ಮಗಳಿಗೆ ಇಂಗ್ಲಿಷ್ ಕಲಿಸಲು ಮಾಡಿದ ಡಬ್ಬಿಯಲ್ಲಿ ನಿನ್ನೆ ರಾತ್ರಿ ‘ನೀಡಂಟ್ ಹ್ಯಾವ್’ ಕಾರ್ಡ್ ಬಗ್ಗಿತು. ಮಳೆಗಾಲದಿಂದ ಮೊದಲ ಖಾನೆ ಬಿಟ್ಟು ಕದಲದ ಕಾರ್ಡ್ ಅದು.

ಕಾರ್ಡಿನಲ್ಲಿ ಇದ್ದದ್ದು ಇಷ್ಟು: ರೈಲು ಒಂದು ತಾಸು ತಡ, ಓಡೋ ಅಗತ್ಯ ಇರಲಿಲ್ಲ, ಇದನ್ನು ಇಂಗ್ಲಿಷಿನಲ್ಲಿ ಹೇಳಿ. ಕಾರ್ಡಿನ ಹಿಂಬದಿಗೆ ಬರೆದ ಉತ್ತರ ‘ನೀಡಂಟ್ ಹ್ಯಾವ್ ರನ್’. ಅಣ್ಣನ ಮಗಳು ಪ್ರತಿ ಸಲ ಬರೆಯೋದು ‘ಡಿಡಂಟ್ ನೀಡ್ ಟು ರನ್’. ‘ಕಾಕಾ, ಎರಡೂ ಕೂಡ್ತಾವಲ್ಲ. ನಿನ್ನ ಮನಸ್ಸಿನಾಗಿಂದು ನನಗ ಹೆಂಗ ತಿಳೀಬೇಕು?’

ನ್ಯಾಯವಾದ ಮಾತು. ನೀಡಂಟ್ ಹ್ಯಾವ್ ರನ್ ಅಂದರೆ ಓಡಿ ಆಗಿದೆ, ಓಡಿದ್ದು ದಂಡ. ಡಿಡಂಟ್ ನೀಡ್ ಟು ರನ್ ಮಾತ್ರ ಓಡಿದರೋ ಇಲ್ಲವೋ ಬಾಯಿ ಬಿಡುವುದಿಲ್ಲ. ಸರಿ, ‘ಬೆವರು ಸುರಿಸುತ್ತಾ ಸ್ಟೇಷನ್ ಮುಟ್ಟಿದೆವು’ ಅಂತ ಒಂದು ಸಾಲು ಸೇರಿಸಿದೆ. ಆಗಲೂ ಬಗೆಹರಿಯಲಿಲ್ಲ. ಓಡಿದ ಮೇಲೂ ಡಿಡಂಟ್ ನೀಡ್ ಟು ಅನ್ನಬಹುದು, ವ್ಯಾಕರಣ ಒಪ್ಪುತ್ತದೆ. ಅಮೆರಿಕದವರು ಜಾಸ್ತಿ ಅನ್ನೋದು ಅದನ್ನೇ. ನೀಡಂಟ್ ಹ್ಯಾವ್ ಹೆಚ್ಚಾಗಿ ಬ್ರಿಟನ್ ಕಡೆಯ ಮಾತು.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ. ಇಂಗ್ಲಿಷ್ ವಾಕ್ಯ ಪೂರ್ತಿ ನಾನೇ ಕೊಡುವುದು, ಕೆಳಗೆ ಕೇಳುವುದು ಒಂದೇ: ಓಡಿದರಾ? ಹೌದು, ಇಲ್ಲ, ಗೊತ್ತಾಗಲ್ಲ. ನೀಡಂಟ್ ಹ್ಯಾವ್ ರನ್‌ಗೆ ಹೌದು. ಡಿಡಂಟ್ ನೀಡ್ ಟು ರನ್‌ಗೆ ಗೊತ್ತಾಗಲ್ಲ. ಅದರ ಮುಂದೆ ‘ಸೋ ವಿ ಹ್ಯಾಡ್ ಅನದರ್ ಟೀ’ ಅಂತ ಸೇರಿಸಿದರೆ ಇಲ್ಲ. ಆ ‘ಗೊತ್ತಾಗಲ್ಲ’ದಲ್ಲೇ ಇಡೀ ಜೀವ ಇದೆ. ಹುಡುಗಿ ಮೂರನ್ನೂ ಸರಿಯಾಗಿ ಹೇಳಿ, ಕಾರ್ಡನ್ನು ತಾನೇ ಎರಡನೇ ಖಾನೆಗೆ ಹಾಕಿದಳು.

ಖುಷಿಯಲ್ಲಿ ಬೇರೆ ಜೋಡಿಗಳನ್ನೂ ಇದಕ್ಕೇ ಒಗ್ಗಿಸಿದೆ. ‘ಸ್ಟಾಪ್ಡ್ ಟು ಈಟ್’, ‘ಸ್ಟಾಪ್ಡ್ ಈಟಿಂಗ್’: ಆಮೇಲೆ ತಿಂದರಾ? ಚೆನ್ನಾಗಿ ನಡೆಯುತ್ತೆ. ‘ಆನ್ ಟೈಮ್’, ‘ಇನ್ ಟೈಮ್’ ಮಾತ್ರ ಕೈಕೊಟ್ಟವು. ಮೊದಲನೆಯದು ಹೇಳಿದ ಹೊತ್ತಿಗೆ, ಎರಡನೆಯದು ಕೆಲಸ ಕೆಡುವ ಮೊದಲು. ಎರಡರಲ್ಲೂ ಮನುಷ್ಯ ಬಂದೇ ಇರುತ್ತಾನೆ, ಬಂದನಾ ಅಂತ ಕೇಳಿ ಏನು ಮಾಡೋದು?

ಇನ್ನು ಖಾಲಿ ಕಾರ್ಡ್ ಕಳಿಸಿದ ಅಂಗಡಿಯವರ ಕಥೆ. ಹೇಳಿದ್ದು ಮಿಂಚದ, ದಪ್ಪನೆಯ ಮ್ಯಾಟ್ ಕಾಗದ. ಬಂದದ್ದು ಲಗ್ನಪತ್ರಿಕೆ ಥರ ಮಿಂಚೋ ಗ್ಲಾಸಿ. ಜೆಲ್ ಪೆನ್ನಿನಲ್ಲಿ ಬರೆದು ಬೆರಳಾಡಿಸಿದರೆ ಉತ್ತರ ಪಕ್ಕದ ಕಾರ್ಡಿಗೂ ಹತ್ತುತ್ತದೆ. ಫೋನ್ ಮಾಡಿದರೆ ‘ಸರ್, ಇದು ಅದಕ್ಕಿಂತ ಚಲೋ ಐತಿ’ ಅಂತಾರೆ!

ಮುಂದೆ ಚಿತ್ರದ ಡಬ್ಬಿ ಮಾಡುವ ಹುಚ್ಚು ಹತ್ತಿದೆ. ನಮ್ಮ ವಿಜಯಪುರದ ಬಾರಾ ಕಮಾನಿನಿಂದಲೇ ಶುರು. ಮೇಲೆ ಚಾವಣಿ ಇಲ್ಲದ ಕಮಾನು ನೋಡಿ ಬಂದವರು ‘ರೂಯಿನ್ಡ್’, ಅಂದರೆ ಪಾಳುಬಿದ್ದದ್ದು, ಅಂತಾರೆ. ಅದು ಎರಡನೇ ಅಲಿ ಆದಿಲ್ ಶಾಹನ ಗೋರಿ, ಕಟ್ಟಿ ಮುಗಿಸಲೇ ಇಲ್ಲ. ಅಂದರೆ ‘ಅನ್‌ಫಿನಿಶ್ಡ್’. ಆದರೆ ಬರೀ ಫೋಟೋ ನೋಡಿದವರಿಗೆ ಬಿದ್ದದ್ದೋ, ಕಟ್ಟದೇ ಬಿಟ್ಟದ್ದೋ ಹೇಗೆ ತಿಳಿಯಬೇಕು? ಇತಿಹಾಸದ ಪಾಠ ಬರೆಯದೆ ಇದನ್ನು ಒಂದೇ ಕಾರ್ಡಿನಲ್ಲಿ ಕೂಡಿಸೋ ಉಪಾಯ ಯಾರಿಗಾದರೂ ಹೊಳೆದರೆ ಹೇಳಿ.