ಸ್ಪ್ಯಾನಿಷ್ ಚಾಟ್‌ನಲ್ಲಿ ಒಂದು ಗೆರೆಯ ಬೆಲೆ

ಬೆಂಗಳೂರಲ್ಲಿ ಕೂತು ಮೆಕ್ಸಿಕೋದ ಗ್ರಾಹಕರ ಜೊತೆ ಸ್ಪ್ಯಾನಿಷ್‌ನಲ್ಲಿ ಚಾಟ್ ಮಾಡುವುದು ನನ್ನ ಕೆಲಸ. ಟೀಮಿಗೆ ಹೊಸಬರು ಬಂದರೆ ಅವರ ಭಾಷೆ ತಿದ್ದುವುದೂ ನನ್ನ ಪಾಲಿಗೇ. ಕೋರ್ಸ್ ಮುಗಿಸಿ ಬಂದವರಿಗೆ ಕ್ರಿಯಾಪದದ ಪಟ್ಟಿ ಬಾಯಿಪಾಠ ಇರುತ್ತದೆ. ‘ಆರ್’, ‘ಎರ್’, ‘ಇರ್’ ಅಂತ ಮುಗಿಯುವ ಮೂರು ಗುಂಪು, ಪ್ರತಿ ಕಾಲಕ್ಕೂ ಆರಾರು ರೂಪ. ಆದರೆ ವರ್ತಮಾನ ಬೇರೆ ಪಾಠ, ಭೂತಕಾಲ ಬೇರೆ ಪಾಠ ಅಂತ ಕಲಿತಿರುತ್ತಾರೆ. ಚಾಟ್‌ನಲ್ಲಿ ಎರಡೂ ಒಟ್ಟಿಗೇ ಬಂದು ಕೂರುತ್ತವೆ.

‘ಕೊಂಪ್ರಾರ್’ ಅಂದರೆ ಕೊಳ್ಳುವುದು. ‘ಕೋಂಪ್ರೊ’ ಅಂದರೆ ಕೊಳ್ಳುತ್ತೇನೆ. ‘ಕೊಂಪ್ರೋ’ ಅಂದರೆ ಅವನು ಕೊಂಡ. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಅಕ್ಷರ ಅವೇ, ಎರಡನೆಯದಕ್ಕೆ ಕೊನೆಯಲ್ಲಿ ಒಂದು ಸಣ್ಣ ಗೆರೆ ಜಾಸ್ತಿ. ಗೆರೆ ಇರುವ ಕಡೆ ಒತ್ತಿ ಹೇಳಬೇಕು. ಹೀಗೆ ಒತ್ತು ಬಾಲಕ್ಕೆ ಹೋದರೆ ಆಳೂ ಬದಲು, ಕಾಲವೂ ಬದಲು. ಕನ್ನಡ ಬಲ್ಲವರಿಗೆ ಇದನ್ನು ಕನ್ನಡದಲ್ಲೇ ಬರೆಸುತ್ತೇನೆ, ಒತ್ತು ಬೀಳುವ ಕಡೆ ದೀರ್ಘ ಹಾಕಿಸಿ. ಸ್ಪ್ಯಾನಿಷ್‌ಗೆ ನಮ್ಮ ಹಾಗೆ ಹ್ರಸ್ವ, ದೀರ್ಘ ಇಲ್ಲ ನಿಜ. ಕಿವಿ ಪಳಗಲು ಇಷ್ಟು ಸಾಕು.

ಗೋಳು ಏನೆಂದರೆ, ಚಾಟ್‌ನಲ್ಲಿ ಆ ಗೆರೆಯನ್ನು ಎಷ್ಟೋ ಜನ ಹಾಕುವುದೇ ಇಲ್ಲ. ‘ಕನ್ಸೆಲೇ ಎಲ್ ಪೆದೀದೊ’ ಅಂದರೆ ‘ಆರ್ಡರ್ ಕ್ಯಾನ್ಸಲ್ ಮಾಡಿದೆ’. ಗೆರೆ ಬಿಟ್ಟರೆ ಅದು ‘ಕನ್ಸೇಲೆ’, ಅಂದರೆ ‘ಕ್ಯಾನ್ಸಲ್ ಮಾಡಿ’ ಅಂತ ನಮಗೇ ಹೇಳಿದ ಹಾಗೆ. ಪಕ್ಕದಲ್ಲಿ ‘ಅಯೇರ್’, ಅಂದರೆ ನಿನ್ನೆ, ಅಂತಿದ್ದರೆ ಭೂತಕಾಲ. ‘ಪೊರ್ ಫಬೋರ್’ ಅಂತಿದ್ದರೆ ವಿನಂತಿ. ಎರಡೂ ಇಲ್ವಾ? ಆರ್ಡರ್ ಯಾವ ಹಂತದಲ್ಲಿದೆ ಅಂತ ಸಿಸ್ಟಮ್‌ನಲ್ಲಿ ನೋಡಬೇಕು. ಆಗಲೂ ಅನುಮಾನ ಇದ್ದರೆ ಸುಮ್ನೆ ಕೇಳಿಬಿಡಬೇಕು, ಗ್ರಾಹಕರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

‘ನಾವು’ ರೂಪದ್ದು ಇನ್ನೊಂದು ತಕರಾರು. ‘ಕೊಂಪ್ರಾಮೊಸ್’ ಕೊಳ್ಳುತ್ತೇವೆಯೂ ಹೌದು, ಕೊಂಡೆವೂ ಹೌದು. ‘ಇರ್’ ಗುಂಪಿನ ‘ರೆಸಿಬೀಮೊಸ್’ ಕೂಡ ಹಾಗೆಯೇ, ಪಡೆಯುತ್ತೇವೆ, ಪಡೆದೆವು ಎರಡೂ. ‘ಎರ್’ ಗುಂಪು ಮಾತ್ರ ಸಭ್ಯ: ‘ಬೆಂದೇಮೊಸ್’ ಮಾರುತ್ತೇವೆ, ‘ಬೆಂದೀಮೊಸ್’ ಮಾರಿದೆವು. ಅದಕ್ಕೇ ‘ನಿಮ್ಮ ಹಣ ಬಂದಿದೆ’ ಅಂತ ‘ರೆಸಿಬೀಮೊಸ್’ ಹಾಕಿ ಬರೆಯುವಾಗ ಪಕ್ಕದಲ್ಲಿ ತಾರೀಖು ಇರಲಿ ಅನ್ನುತ್ತೇನೆ.

‘ಯೋ’, ಅಂದರೆ ನಾನು, ಅಂತ ಪ್ರತಿ ವಾಕ್ಯಕ್ಕೂ ಸೇರಿಸುವ ಚಾಳಿ ಇಂಗ್ಲಿಷ್‌ನಿಂದ ಬಂದದ್ದು. ‘ನೋಡಿದೆ, ಕಳಿಸಿದೆ’ ಅಂದರೆ ಯಾರು ಅಂತ ನಮಗೆ ಗೊತ್ತಾಗುವುದಿಲ್ವಾ? ಸ್ಪ್ಯಾನಿಷ್‌ನಲ್ಲೂ ಅಷ್ಟೇ.

‘ಬೊಸೋತ್ರೊಸ್’, ಅಂದರೆ ಸ್ಪೇನ್‌ನಲ್ಲಿ ಆಪ್ತರಿಗೆ ಹೇಳುವ ‘ನೀವೆಲ್ಲ’, ಅದರ ರೂಪವನ್ನು ಮೆಕ್ಸಿಕೋದ ಚಾಟ್‌ಗೆ ಕಲಿಯಬೇಕಿಲ್ಲ, ಅಲ್ಲಿ ‘ನೀವೆಲ್ಲ’ ಅನ್ನಲು ‘ಉಸ್ತೇದೆಸ್’ ಸಾಕು. ಸ್ಪೇನ್‌ನವರ ಜೊತೆ ಮಾತಾಡುವವರಿಗೆ ಅದು ಬೇಕು. ಇನ್ನೊಂದು ವ್ಯತ್ಯಾಸವೂ ಗೊತ್ತಿರಬೇಕು: ಇವತ್ತು ಬೆಳಗ್ಗೆ ಕೊಂಡದ್ದಕ್ಕೆ ಮೆಕ್ಸಿಕೋದವರು ‘ಕೊಂಪ್ರೇ’ ಅಂದರೆ, ಸ್ಪೇನ್‌ನಲ್ಲಿ ಹೆಚ್ಚಿನವರು ‘ಎ ಕೊಂಪ್ರಾದೊ’ ಅನ್ನುತ್ತಾರೆ.