ಪಾಠ ಮಾಡೋದು ಬಿಟ್ಟು ನಿಮಗ್ಯಾಕೆ ಮೇಡಂ ಇದೆಲ್ಲ?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮ ಯಜಮಾನರು. ಆಮೇಲೆ ಸ್ಟಾಫ್‌ನವರು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, ಊರಿನವರು. ಕರಡು ನಿಯಮ ಬಂದರೆ ಸಾಕು, ಕೂತು ಆಕ್ಷೇಪಣೆ ಬರೆಯುತ್ತೇನೆ. ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿಸುತ್ತೇನೆ. ಇದು ನನ್ನ ಚಟ ಅಂತ ಎಲ್ಲರಿಗೂ ಗೊತ್ತು.

ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿ, 23 ಮಕ್ಕಳು, ಇಬ್ಬರು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿದರೆ, 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಕಾಗದದ ಮೇಲೆ ನಾವು ಪುಣ್ಯವಂತರು. ಒಬ್ಬರ ಪಾಲಿಗೆ ಹನ್ನೆರಡು ಮಕ್ಕಳೂ ಪೂರ್ತಿ ಬರಲ್ಲ. ಆದರೆ ಆ ಲೆಕ್ಕ ತಲೆ ಎಣಿಸುತ್ತದೆ, ತರಗತಿ ಎಣಿಸುವುದಿಲ್ಲ. ಒಂದನೇ ತರಗತಿಯ ಮಗುವಿಗೆ 'ರ, ಗ, ಸ' ತಿದ್ದಿಸುವ ಹೊತ್ತಿಗೆ ಐದನೇ ತರಗತಿಯವರು ಭಿನ್ನರಾಶಿ ಮುಂದೆ ಇಟ್ಟುಕೊಂಡು ಕೂತಿರುತ್ತಾರೆ. ಹೆಡ್ ಮೇಷ್ಟ್ರು ಮೀಟಿಂಗಿಗೆ ಹೋದ ದಿನ ಐದೂ ತರಗತಿ ನನ್ನದೇ. ಹಾಲು, ಮೊಟ್ಟೆ, ಮಕ್ಕಳ ವಿವರ ಆನ್‌ಲೈನಿನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿ ಬೇರೆ. ಮಕ್ಕಳ ಸಂಖ್ಯೆ ಇನ್ನೂ ಇಳಿದರೆ ನಾನೇ 'ಹೆಚ್ಚುವರಿ ಶಿಕ್ಷಕಿ' ಆಗಿ ಬೇರೆ ಶಾಲೆಗೆ ಹೋಗಬೇಕಾಗಬಹುದು ಅನ್ನೋ ಭಯವೂ ಉಂಟು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು 28 ಶೇಕಡ ಕಡೆ 30ಕ್ಕಿಂತ ಕಡಿಮೆ ಮಕ್ಕಳಿದ್ದಾರೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದಿದೆ. 2016-17ರಲ್ಲಿ ಏಕೋಪಾಧ್ಯಾಯ ಶಾಲೆಗಳು 1,08,017 ಇದ್ದವು ಎಂಬ ಲೆಕ್ಕವೂ ಅದರಲ್ಲೇ ಇದೆ.

ಆ ನೀತಿಯ ಕರಡು 2019ರಲ್ಲಿ ಬಂದಾಗ ಸಾರ್ವಜನಿಕರ ಸಲಹೆ ಕೇಳಿದ್ದರು. ಅಕ್ಕಪಕ್ಕದ ಶಾಲೆಗಳನ್ನು ಸೇರಿಸಿ ಶಾಲಾ ಸಂಕೀರ್ಣ ಮಾಡಿ, ಶಿಕ್ಷಕರನ್ನು ಹಂಚಿಕೊಳ್ಳಬಹುದು ಅನ್ನುವುದು ಅದರಲ್ಲಿದ್ದ ಒಂದು ಪರಿಹಾರ. ನಾನು ಎರಡು ಪುಟ ಬರೆದೆ. ಸಂಗೀತದ ಮೇಷ್ಟ್ರನ್ನು ಹಂಚಿಕೊಳ್ಳೋಣ, ಸಂತೋಷ. ಆದರೆ ನಾನು ರಜೆ ಹಾಕಿದ ದಿನ ನಾಲ್ಕನೇ ತರಗತಿಗೆ ಯಾರು ಬರುತ್ತಾರೆ? ಅಷ್ಟೇ ಪ್ರಶ್ನೆ. ಉತ್ತರ ಬರಲಿಲ್ಲ. ಬರುತ್ತದೆ ಅಂತ ನಾನೂ ಕಾಯಲಿಲ್ಲ ಬಿಡಿ.

"ಅದಕ್ಕೆಲ್ಲ ಎಂಎಲ್‌ಸಿಗಳಿದ್ದಾರಲ್ಲ" ಅಂತಾರೆ. ಇದ್ದಾರೆ. ನಮ್ಮ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರಗಳಿಂದ 7 ಜನ ಹೋಗುತ್ತಾರೆ. ಆದರೆ ಆ ಚುನಾವಣೆಯಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲೆ ಕಲಿಸುವವರಿಗೆ. ಪ್ರಾಥಮಿಕ ಶಾಲೆಯ ನಮಗೆ ಇಲ್ಲ. ಅಕ್ಷರ ಕಲಿಸುವವರು ಶಿಕ್ಷಕರ ಪಟ್ಟಿಯಲ್ಲೇ ಇಲ್ಲ ಅಂದರೆ ತಮಾಷೆ ಅಲ್ವಾ?

ಶಿಕ್ಷಕರ ಮಾತು ನೀತಿ ಆಗುವುದೇ ಇಲ್ಲ ಅನ್ನುವವರಿಗೆ ನಾನು ಹೆಗ್ಗಡದೇವನಕೋಟೆಯ ಕಥೆ ಹೇಳುತ್ತೇನೆ. 1995ರ ಸುಮಾರಿಗೆ ಆ ತಾಲ್ಲೂಕಿನ ಒಂದಷ್ಟು ಮೇಷ್ಟ್ರು, ಮೇಡಂಗಳು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಆದರೆ ಮಕ್ಕಳು ನೋಡಿ ಕಲಿಯುವ ಕನ್ನಡದ ಕಾರ್ಡು, ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಕಲಿಕಾ ಏಣಿ ಎಲ್ಲ ಅವರೇ ಕೂತು ಮಾಡಿದರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂತು. ಈಗ ನಮ್ಮಲ್ಲಿ ಒಂದರಿಂದ ಮೂರರವರೆಗೆ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಿರುವುದು ಅದರಿಂದಲೇ. ಒಂದು ಕೊರಗು ಮಾತ್ರ ಇದೆ. ಆ ಮೇಷ್ಟ್ರುಗಳು ತಮ್ಮ ಮಕ್ಕಳನ್ನು ನೋಡಿ ಕಾರ್ಡು ಬರೆದರು. ನಮ್ಮ ಕೈಗೆ ಬರುವ ಹೊತ್ತಿಗೆ ಅದು ಆದೇಶ ಆಗಿತ್ತು, ಕಾರ್ಡು ಅಚ್ಚಾಗಿ ಬಂದಿತ್ತು. ಬೇರೆ ಕಾರ್ಡು ಮಾಡಿಕೊಂಡರೆ ತಪ್ಪೇನೋ ಅಂತ ಹೆದರಿದವರಲ್ಲಿ ನಾನೂ ಒಬ್ಬಳು.

ಸರ್ಕಾರಿ ನೌಕರಿ, ನಡತೆ ನಿಯಮ ಇದೆ. ಹಾಗಾಗಿ ಟಿವಿ ಮುಂದೆ ಹೋಗಿ ಕೂಗಾಡಲ್ಲ. ಸಲಹೆ ಕೇಳಿದಾಗ ಬರೆಯುತ್ತೇನೆ, ಸಂಘದ ಮೂಲಕ ಕೊಡುತ್ತೇನೆ, ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳುತ್ತೇನೆ. ಬರೆಯೋದೆಲ್ಲ ರಾತ್ರಿ, ಅಡುಗೆ ಮನೆ ಕೆಲಸ ಮುಗಿದ ಮೇಲೆ. ಪಾಠ ಬಿಟ್ಟಿಲ್ಲ.

ಹೋದ ತಿಂಗಳು ತರಗತಿವಾರು ಶಿಕ್ಷಕರು ಬೇಕು ಅಂತ ಎಸ್‌ಡಿಎಂಸಿ ಠರಾವು ಬರೆದೆವು. ಅಧ್ಯಕ್ಷರು ಕೂಲಿ ಮುಗಿಸಿ ಬಂದು ಸಹಿ ಹಾಕಿದರು. ಪೆನ್ನು ವಾಪಸ್ ಕೊಡುತ್ತಾ, "ಮೇಡಂ, ಇದನ್ನ ಓದೋರು ಒಂದು ದಿನ ಇಲ್ಲಿ ಬಂದು ಕೂರಲಿ ಅಂತಾನೂ ಸೇರಿಸಿ" ಅಂದರು. ಸೇರಿಸಿದ್ದೇನೆ.