ಮದುವೆ ಮನೆಗೆ ರಾಕ್ಷಸ ಬರಬಹುದಾ?

"ಮದುವೆ ಮನೆಗೆ ರಾಕ್ಷಸನನ್ನು ಕರ್ಕೊಂಡು ಹೋಗ್ತೀರಲ್ಲ, ಅಪಶಕುನ ಅಲ್ವಾ?" ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಿಲಿವರೆಗೆ ಎಲ್ಲಿ ಹೋದರೂ ಯಾರಾದರೊಬ್ಬರು ಹೀಗೆ ಕೇಳುತ್ತಾರೆ.

ನಾವು ಐದು ಜನ ಗೆಳೆಯರು. ವಾರವಿಡೀ ಕೆಲಸ, ಭಾನುವಾರ ಯಕ್ಷಗಾನದ ಅಭ್ಯಾಸ. ಪರಿಚಯದವರ ಮನೆಯ ಮದುವೆಯಾದರೆ ಆರತಕ್ಷತೆಯ ಹೊತ್ತಿಗೆ ಹೋಗಿ ಒಂದು ತಮಾಷೆ ಮಾಡುತ್ತೇವೆ. ಮದುಮಗಳ ಜಾಗದಲ್ಲಿ ಸೀರೆಯುಟ್ಟ ಘಟೋತ್ಕಚ ಬಂದು ನಿಲ್ಲುತ್ತಾನೆ.

ಇದು ನಾವು ಹುಟ್ಟಿಸಿದ್ದಲ್ಲ. ನಮ್ಮ ಯಕ್ಷಗಾನದ ಕನಕಾಂಗಿ ಕಲ್ಯಾಣ ಪ್ರಸಂಗದ ಕಥೆಯೇ. ಬಲರಾಮನ ಮಗಳು ಕನಕಾಂಗಿಗೆ ಅಭಿಮನ್ಯುವಿನ ಮೇಲೆ ಮನಸ್ಸು, ಅಪ್ಪ ಅವಳನ್ನು ದುರ್ಯೋಧನನ ಮಗನಿಗೆ ಕೊಡಲು ಹೊರಡುತ್ತಾನೆ. ಆಗ ಒಲಿದವರನ್ನು ಒಂದು ಮಾಡಲು ಓಡಿ ಬರುವವನು ಘಟೋತ್ಕಚ. ವ್ಯಾಸರ ಭಾರತದಲ್ಲಿ ಇದಿಲ್ಲ, ಜನರೇ ಕಟ್ಟಿಕೊಂಡದ್ದು. ತೆಲುಗಿನಲ್ಲಿ ಹುಡುಗಿಯ ಹೆಸರು ಶಶಿರೇಖಾ, ಅಲ್ಲಿ ಅವನು ಮಾಯೆಯಿಂದ ಅವಳದೇ ರೂಪ ತಾಳುತ್ತಾನೆ. ಮರಾಠಿಯಲ್ಲಿ ಅವಳು ವತ್ಸಲಾ. ಹಾಗಾಗಿ ಇಲ್ಲಿನ ಮರಾಠಿ ಬೀಗರಿಗೂ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಉಳಿಸಲು ಬಂದವನು ಅಪಶಕುನ ಹೇಗಾಗುತ್ತಾನೆ?

ವೇಷ ಕಟ್ಟುವುದು ಸಭಾಂಗಣದ ಹಿಂದಿನ ಪಾತ್ರೆಗಳ ಕೋಣೆಯಲ್ಲಿ. ಮೊದಲು ಗಣಪತಿಗೆ ದೀಪ, ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿ ಮಾಡುವ ಹಾಗೆಯೇ. ಆಮೇಲೆ ಅಕ್ಕಿ, ಸುಣ್ಣ ಅರೆದ ಹಿಟ್ಟಿನಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕಿ, ಇಡುತ್ತಾ ಹೋಗಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮೇಳದಲ್ಲಾದರೆ, ಅಂದರೆ ವೃತ್ತಿಪರ ಯಕ್ಷಗಾನ ತಂಡದಲ್ಲಾದರೆ, ಗಂಟೆಗಟ್ಟಲೆ ಹಿಡಿಯುತ್ತದೆ. ನಮ್ಮದು ಚಿಕ್ಕದು, ಆದರೂ 90 ನಿಮಿಷ ಬೇಕು. ಅಷ್ಟೂ ಹೊತ್ತು ವೇಷ ಹಾಕಿಸಿಕೊಳ್ಳುವವನು ನಗುವ ಹಾಗಿಲ್ಲ, ನಕ್ಕರೆ ಚಿಟ್ಟಿ ಬಿರುಕು ಬಿಡುತ್ತದೆ.

ವೇದಿಕೆಯ ಮೇಲೆ ಇಬ್ಬರು ತೆರೆ ಹಿಡಿಯುತ್ತಾರೆ. ಕೆಳಗಿನಿಂದ ಗೆಜ್ಜೆ ಕಾಲು ಮಾತ್ರ ಕಾಣುತ್ತದೆ. ಮದುಮಗ ಹಾರ ಹಿಡಿದು ಕಾಯುತ್ತಾನೆ. ತೆರೆ ಇಳಿಯುತ್ತದೆ, ಚೆಂಡೆಗೆ ಪೆಟ್ಟು ಬೀಳುತ್ತದೆ, ಘಟೋತ್ಕಚ ಒಮ್ಮೆ ಅಬ್ಬರಿಸುತ್ತಾನೆ! ಆಗ ಸಭೆಯ ನಡುವಿನಿಂದ ನಿಜವಾದ ಮದುಮಗಳು ಎದ್ದು ಬಂದು ಅವನ ಕಿವಿ ಹಿಂಡುತ್ತಾಳೆ. ಕಿವಿ ಹಿಂಡುವುದನ್ನು ನಮಗೆ ಕೊಟ್ಟದ್ದು ಮರಾಠಿ ಮದುವೆ. ಅಲ್ಲಿ ಮದುಮಗಳ ತಮ್ಮ ಮದುಮಗನ ಕಿವಿ ಹಿಂಡುತ್ತಾನೆ, ಅದಕ್ಕೆ ಕಾನ್‌ಪಿಳಿ ಎನ್ನುತ್ತಾರೆ.

ಮುಹೂರ್ತದ ಹತ್ತಿರ ಮಾತ್ರ ನಾವು ಸುಳಿಯುವುದಿಲ್ಲ. ಇನ್ನೊಂದು ಪಾಠ ಕಷ್ಟಪಟ್ಟು ಕಲಿತೆವು. ಒಂದು ಮದುವೆಯಲ್ಲಿ ಮದುಮಗನ ಗೆಳೆಯರು "ಅವಳಿಗೆ ಹೇಳಬೇಡಿ, ಸರ್‌ಪ್ರೈಸ್ ಇರಲಿ" ಎಂದರು. ನಾವು ಒಪ್ಪಿದೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸುಸ್ತಾಗಿದ್ದ ಹುಡುಗಿ, ತನ್ನ ಜಾಗದಲ್ಲಿ ಬೇರೆ ಯಾರೋ ನಿಂತದ್ದನ್ನೂ ಜನ ನಗುವುದನ್ನೂ ನೋಡಿ ಅತ್ತುಬಿಟ್ಟಳು. ಅವತ್ತು ನಮಗೆ ಊಟ ಇಳಿಯಲಿಲ್ಲ. ಈಗ ಮದುಮಗಳೇ ಬಾಯಿಬಿಟ್ಟು "ಬನ್ನಿ" ಅನ್ನದೆ ಗೆಜ್ಜೆ ಕಟ್ಟುವುದಿಲ್ಲ. ಮಕ್ಕಳನ್ನು ಮೊದಲೇ ವೇಷ ಕಟ್ಟುವ ಕೋಣೆಗೆ ಕರೆಯುತ್ತೇವೆ. ಬಣ್ಣವಿಲ್ಲದ ಮುಖ ರಾಕ್ಷಸನಾಗುವುದನ್ನು ನೋಡಿದ ಮಗು ಆಮೇಲೆ ಜಾಸ್ತಿ ಹೆದರುವುದಿಲ್ಲ.

ಹೋದ ಸಲ ಮುಲುಂಡಿನಲ್ಲಿ, ಎಲ್ಲ ಮುಗಿದ ಮೇಲೆ, ಊರಿಂದ ಬಂದಿದ್ದ ಅಜ್ಜಿಯೊಬ್ಬರು ಲಾಡು ಹಿಡಿದುಕೊಂಡು ಘಟೋತ್ಕಚನ ಹತ್ತಿರ ಬಂದರು. ಅವನು ಬಾಯಿ ತೆರೆದ. ಕೆನ್ನೆಯ ಚಿಟ್ಟಿ ಪಟಪಟ ಉದುರಿತು. ಅಜ್ಜಿ ಸೆರಗಿನಿಂದ ಅವನ ಗಲ್ಲ ಒರೆಸುತ್ತಾ ಕೇಳಿದರು: "ಯಾವ ಮೇಳ ಮಗಾ ನಿಂದು?"